ಹುಟ್ಟುಗುಣ ಮತ್ತು ತಾಯ ಮಡಿಲು



"ಫಾದರ್, ಇಬ್ಬರಿಗೂ ನಾನೇ ಹಾಲು ಕುಡಿಸಿದ್ದು, ಒಂದೇ ತಟ್ಟೆಯಲ್ಲಿ ಉಣ್ಣಿಸಿದ್ದು. ದೊಡ್ಡವನಿಗೆ ಎಷ್ಟು ಬೈದರೂ ನಕ್ಕು ಹೋಗಿಬಿಡುತ್ತಾನೆ. ಚಿಕ್ಕವನಿಗೆ ಒಂದು ಮಾತು ಅಂದರೆ ಸಾಕು, ಎರಡು ದಿನ ಸರಿಯಾಗಿ ಊಟ ಮಾಡುವುದಿಲ್ಲ. ನಾನು ಎಲ್ಲಿ ತಪ್ಪಿದೆ?"

ಮನೆಭೇಟಿಗೆ ಹೋದಾಗ ತಾಯಂದಿರು ಕೇಳುವ ಪ್ರಶ್ನೆ ಇದು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತ ಅಜ್ಜಿಯ ಉತ್ತರ ಸಿದ್ಧವಾಗಿರುತ್ತದೆ: "ಹುಟ್ಟುಗುಣ ಸುಟ್ಟರೂ ಹೋಗದು!" ಅಲ್ಲಿಗೆ ಚರ್ಚೆ ಮುಗಿಯುತ್ತದೆ. ತಾಯಿ ನಿಟ್ಟುಸಿರು ಬಿಟ್ಟು ಕಾಫಿ ತರಲು ಒಳಗೆ ಹೋಗುತ್ತಾಳೆ.

ಆದರೆ ಪ್ರಶ್ನೆ ಮುಗಿಯುವುದಿಲ್ಲ. ಗುಣ ಹುಟ್ಟಿನಿಂದಲೇ ಬರುವುದಾದರೆ, ಅದಕ್ಕೆ ಯಾರು ಜವಾಬ್ದಾರರು? ಹೆದರುವವನನ್ನು 'ಹೆದರಬೇಡ' ಎಂದು ಗದರಿಸುವುದು ನ್ಯಾಯವೇ? ಸಿಟ್ಟಿನವನನ್ನು ಕ್ಷಮಿಸಿಬಿಡಬೇಕೇ, ತಿದ್ದಬೇಕೇ? ಈ ಪ್ರಶ್ನೆಗಳು ನನಗೆ ಬರೀ ತತ್ವಶಾಸ್ತ್ರದ ಪಾಠವಲ್ಲ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಬಲಿಪೂಜೆಯಲ್ಲಿ ವಾಚನ ಓದಲು ಒಬ್ಬ ಹುಡುಗನನ್ನು ನಿಲ್ಲಿಸಿದ್ದೆ. ಅಭ್ಯಾಸದ ವೇಳೆ ಅವನ ಕೈ ನಡುಗಿತು, ಸ್ವರ ಹೊರಡಲಿಲ್ಲ. "ಗಂಡುಹುಡುಗ ಆಗಿ ಇಷ್ಟು ಪುಕ್ಕಲನಾ ನೀನು?" ಎಂದುಬಿಟ್ಟೆ. ಉಳಿದ ಮಕ್ಕಳು ನಕ್ಕರು. ಆ ಹುಡುಗ ಮತ್ತೆ ಪೀಠದ ಬಳಿ ಬರಲಿಲ್ಲ. ಧೈರ್ಯ ಕಲಿಸುತ್ತಿದ್ದೇನೆ ಎಂದು ಅಂದು ನಾನು ತಿಳಿದುಕೊಂಡಿದ್ದೆ. ನಾನು ಮಾಡಿದ್ದೇನು ಎಂಬುದು ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ, ಕೋತಿಗಳ ಬಗ್ಗೆ ಓದುವಾಗ. ನಗಬೇಡಿ. ಆ ಕೋತಿಗಳ ಕಥೆಯನ್ನೇ ಇಂದು ಹೇಳಹೊರಟಿದ್ದೇನೆ.

ಬಟ್ಟೆಯ ತಾಯಿ, ತಂತಿಯ ತಾಯಿ

ಉತ್ತರ ಭಾರತದ ದೇವಸ್ಥಾನಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಕೆಂಪು ಮುಖದ ಕೋತಿಗಳನ್ನು ನೋಡಿರಬಹುದು. ವಿಜ್ಞಾನಿಗಳು ಅದನ್ನು ರೀಸಸ್ ಕೋತಿ ಎನ್ನುತ್ತಾರೆ. ಅದರ ವಂಶವಾಹಿಗಳ ಸಂಪೂರ್ಣ ನಕ್ಷೆಯನ್ನು 2007ರಲ್ಲಿ ಪ್ರಕಟಿಸಿದಾಗ, ಅದು ಸುಮಾರು ನೂರಕ್ಕೆ 93ರಷ್ಟು ನಮ್ಮದನ್ನೇ ಹೋಲುತ್ತದೆ ಎಂದು ತಿಳಿದುಬಂತು. ಮನುಷ್ಯರ ಮೇಲೆ ಮಾಡಲಾಗದ ಪರೀಕ್ಷೆಗಳನ್ನು ಈ ಪ್ರಾಣಿಯ ಮೇಲೆ ಮಾಡಿದ್ದಾರೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಅವರು ರೀಸಸ್ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ಎರಡು ಗೊಂಬೆ ತಾಯಿಯರ ಜೊತೆ ಬಿಟ್ಟರು. ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು. ಹಾಲಿನ ಶೀಸೆ ತಂತಿಯ ತಾಯಿಯಲ್ಲಿ ಇದ್ದಾಗಲೂ, ಮರಿ ಹಾಲು ಕುಡಿದು ಮುಗಿದೊಡನೆ ಓಡಿಬಂದು ಅಪ್ಪಿಕೊಳ್ಳುತ್ತಿದ್ದದ್ದು ಬಟ್ಟೆಯ ತಾಯಿಯನ್ನು. 1958ರಲ್ಲಿ ಹಾರ್ಲೋ ಇದನ್ನು ಪ್ರಕಟಿಸಿದರು. ಹೊಟ್ಟೆ ತುಂಬಿಸಿದರೆ ಮಗು ತಾನಾಗಿ ಬೆಳೆಯುತ್ತದೆ ಎಂದು ನಂಬಿದ್ದ ಪಂಡಿತರಿಗೆ ಅದೊಂದು ಪಾಠವಾಯಿತು.

ಹಾರ್ಲೋ ಅವರ ಶಿಷ್ಯ ಸ್ಟೀಫನ್ ಸುವೋಮಿ ಮುಂದೆ ಮೇರಿಲ್ಯಾಂಡ್ ರಾಜ್ಯದ ಸರ್ಕಾರಿ ಸಂಶೋಧನಾಲಯದಲ್ಲಿ ಈ ಕೆಲಸವನ್ನು ಬೆಳೆಸಿದರು. ಎಲ್ಲ ಮರಿಗಳೂ ಒಂದೇ ಅಲ್ಲ ಎಂಬುದು ಅವರ ಗಮನಕ್ಕೆ ಬಂತು. ಪ್ರತಿ ಹಿಂಡಿನಲ್ಲೂ ನೂರಕ್ಕೆ 15ರಿಂದ 20 ಮರಿಗಳು ಹುಟ್ಟಿನಿಂದಲೇ ಅಂಜುವಂಥವು. ಹೊಸದೇನು ಕಂಡರೂ ತಾಯಿಯ ಹೊಟ್ಟೆಗೆ ಅವುಚಿಕೊಳ್ಳುತ್ತವೆ. ಸ್ವಲ್ಪ ಹೊತ್ತು ತಾಯಿ ಅಗಲಿದರೂ ಮುದುಡಿ ಕುಳಿತುಬಿಡುತ್ತವೆ. ಇನ್ನೂ ಕೆಲವು ಹಿಂದುಮುಂದು ನೋಡದೆ ಜಗಳಕ್ಕೆ ನುಗ್ಗುವಂಥವು. ನಮ್ಮ ಮನೆಗಳ ಮಾತೇ ಇದು, ಅಲ್ಲವೇ?

ಗಿಡ್ಡ ವಂಶವಾಹಿ, ಉದ್ದ ವಂಶವಾಹಿ

ನಮ್ಮ ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ರಾಸಾಯನಿಕಗಳನ್ನು ಬಳಸುತ್ತವೆ. ಸೆರೊಟೋನಿನ್ ಅವುಗಳಲ್ಲಿ ಒಂದು. ಮನಸ್ಸಿನ ಸಮಾಧಾನ, ನಿದ್ದೆ, ಹಸಿವು, ಸಿಟ್ಟಿನ ಹತೋಟಿ ಇವುಗಳಲ್ಲೆಲ್ಲ ಅದರ ಪಾತ್ರವಿದೆ. ಸುದ್ದಿ ಮುಟ್ಟಿಸಿದ ಸೆರೊಟೋನಿನ್ ಅಲ್ಲೇ ಉಳಿಯಬಾರದು. ಅದನ್ನು ಹಿಂದಕ್ಕೆ ಕರೆತರುವ ಒಂದು ಪ್ರೋಟೀನು ಇದೆ. ಪತ್ರ ಮುಟ್ಟಿಸಿ ಬಂದ ಆಳನ್ನು ಮನೆಯೊಳಗೆ ಕರೆದುಕೊಳ್ಳುವ ಬಾಗಿಲು ಅದು ಎಂದುಕೊಳ್ಳಿ. ಖಿನ್ನತೆಗೆ ವೈದ್ಯರು ಕೊಡುವ ಹಲವು ಮಾತ್ರೆಗಳು ಈ ಬಾಗಿಲಿನ ಮೇಲೆಯೇ ಕೆಲಸ ಮಾಡುತ್ತವೆ.

ಈ ಪ್ರೋಟೀನನ್ನು ತಯಾರಿಸುವ ವಂಶವಾಹಿಗೆ ಎಷ್ಟು ತಯಾರಿಸಬೇಕೆಂದು ಹೇಳುವ ಒಂದು ಭಾಗವಿದೆ. ಕೆಲವರಲ್ಲಿ ಆ ಭಾಗ ಉದ್ದ, ಕೆಲವರಲ್ಲಿ ಗಿಡ್ಡ. ಗಿಡ್ಡದಾಗಿದ್ದರೆ ಪ್ರೋಟೀನು ಕಡಿಮೆ ತಯಾರಾಗುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ಪ್ರತಿಗಳಿರುತ್ತವೆ. ಗಿಡ್ಡ ಪ್ರತಿ ಇರುವವರಲ್ಲಿ ಆತಂಕದ ಸ್ವಭಾವ ತುಸು ಹೆಚ್ಚು ಎಂದು 1996ರಲ್ಲಿ ಜರ್ಮನಿಯ ಕ್ಲಾಸ್-ಪೀಟರ್ ಲೆಶ್ ಮತ್ತು ಸಂಗಡಿಗರು ವರದಿ ಮಾಡಿದರು. ರೀಸಸ್ ಕೋತಿಗಳಲ್ಲೂ ಇಂಥದೇ ಉದ್ದ-ಗಿಡ್ಡದ ವ್ಯತ್ಯಾಸ ಇದೆ ಎಂದು ತಿಳಿದಾಗ, ಅಜ್ಜಿಯ ಗಾದೆಯನ್ನು ಪರೀಕ್ಷಿಸುವ ದಾರಿ ತೆರೆಯಿತು.

ವಿಜ್ಞಾನಿಗಳು ಎರಡು ಬಗೆಯ ಮರಿಗಳನ್ನು ಹೋಲಿಸಿದರು: ತಾಯಿಯ ಮಡಿಲಲ್ಲಿ ಬೆಳೆದವು, ಮತ್ತು ಹುಟ್ಟಿದೊಡನೆ ತಾಯಿಯಿಂದ ಬೇರ್ಪಡಿಸಿ ತಮ್ಮ ವಯಸ್ಸಿನ ಮರಿಗಳ ಜೊತೆಗೇ ಬೆಳೆಸಿದವು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ತಾಯಿಯಿಲ್ಲದೆ ಬೆಳೆದವುಗಳಲ್ಲಿ ಗಿಡ್ಡ ವಂಶವಾಹಿಯ ಮರಿಗಳ ಸೆರೊಟೋನಿನ್ ವ್ಯವಸ್ಥೆ ಕುಗ್ಗಿತ್ತು. ತಾಯಿಯ ಬಳಿ ಬೆಳೆದವುಗಳಲ್ಲಿಯೋ? ಗಿಡ್ಡಕ್ಕೂ ಉದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ! 2004ರ ಇನ್ನೊಂದು ವರದಿಯೂ ಇದೇ ದಿಕ್ಕಿನದು. ಸಂಗಡಿಗರಿಂದ ಅಗಲಿಸಿದಾಗ ಒತ್ತಡದ ಹಾರ್ಮೋನು ಅತಿಯಾಗಿ ಏರಿದ್ದು, ಗಿಡ್ಡ ವಂಶವಾಹಿಯೂ ಇದ್ದು ತಾಯಿಯೂ ಇಲ್ಲದೆ ಬೆಳೆದ ಮರಿಗಳಲ್ಲಿ.

ಒಂದು ಕ್ಷಣ ನಿಂತು ಯೋಚಿಸಿ. ವಂಶವಾಹಿ ಅದೇ. ಒಂದು ಕಡೆ ಅದು ಹೊರೆ, ಇನ್ನೊಂದು ಕಡೆ ಅದು ಇದೆಯೆಂದೇ ಗೊತ್ತಾಗಲಿಲ್ಲ. ನಡುವೆ ಇದ್ದದ್ದು ಒಂದು ಮಡಿಲು ಮಾತ್ರ.

ಇದಕ್ಕೂ ಮೊದಲೇ, 1980ರ ದಶಕದಲ್ಲಿ, ಸುವೋಮಿಯವರು ಇನ್ನೊಂದು ಕೆಲಸ ಮಾಡಿದ್ದರು. ಅಂಜುವ ವಂಶದಲ್ಲಿ ಹುಟ್ಟಿದ ಮರಿಗಳನ್ನು ಬಹಳ ಅಕ್ಕರೆಯಿಂದ ಸಾಕುವ ಸಾಕುತಾಯಿಯರಿಗೆ ಒಪ್ಪಿಸಿದರು. ಆ ಮರಿಗಳು ಪುಕ್ಕಲಾಗಿ ಬೆಳೆಯಲಿಲ್ಲ. ಕಷ್ಟ ಬಂದಾಗ ಯಾರ ಬೆನ್ನ ಹಿಂದೆ ನಿಲ್ಲಬೇಕು, ಯಾರನ್ನು ಜೊತೆಗೆ ಕರೆಯಬೇಕು ಎಂದು ಕಲಿತು, ಹಿಂಡಿನಲ್ಲಿ ಮೇಲಿನ ಸ್ಥಾನಕ್ಕೇರಿದವು. ಬೇರೆಡೆ ದೌರ್ಬಲ್ಯವಾಗಿದ್ದ ಸೂಕ್ಷ್ಮತೆ ಇಲ್ಲಿ ಅವುಗಳ ಬಲವಾಯಿತು.

ಕೆಳಗೆ ಕುಳಿತವರ ಕಾಯಿಲೆ

ಮರಿ ಬೆಳೆದು ದೊಡ್ಡದಾದ ಮೇಲೆ ಮಡಿಲಿನ ಕೆಲಸ ಮುಗಿಯಿತೇ? ಇಲ್ಲ. ರೀಸಸ್ ಹೆಣ್ಣುಗಳಲ್ಲಿ ಕಟ್ಟುನಿಟ್ಟಿನ ಮೇಲುಕೀಳು ಉಂಟು. ಮೇಲಿನವಳು ಬಂದರೆ ಕೆಳಗಿನವಳು ಜಾಗ ಬಿಡಬೇಕು. ಬೆದರಿಕೆ, ಕಚ್ಚಾಟ ಅವಳಿಗೇ ಹೆಚ್ಚು. ಈ ಕೆಳಸ್ಥಾನದ ಪರಿಣಾಮ ದೇಹದ ಆರೋಗ್ಯದ ಮೇಲೆ ಹೇಗಾಗುತ್ತದೆ ಎಂಬುದನ್ನು ಸೆರೊಟೋನಿನ್ ವಂಶವಾಹಿಯ ಭೇದ ಬದಲಿಸುತ್ತದೆ ಎಂದು 2008ರಲ್ಲಿ ಒಂದು ಅಧ್ಯಯನ ತೋರಿಸಿತು. ಇಲ್ಲಿಯೂ ವಂಶವಾಹಿ ಒಂಟಿಯಾಗಿ ಮಾತಾಡುವುದಿಲ್ಲ. ಯಾರು ಯಾರನ್ನು ತುಳಿಯುತ್ತಿದ್ದಾರೆ ಎಂಬುದರ ಜೊತೆ ಸೇರಿಯೇ ಅದು ಮಾತಾಡುತ್ತದೆ.

ನನ್ನ ಮನಸ್ಸನ್ನು ಬಹಳ ತಟ್ಟಿದ್ದು 2016ರ ಒಂದು ಸಂಶೋಧನೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ವಾನರ ಕೇಂದ್ರದಲ್ಲಿ, ಒಂದನ್ನೊಂದು ಅರಿಯದ 45 ಹೆಣ್ಣು ಕೋತಿಗಳನ್ನು ಐದೈದರ ಗುಂಪು ಮಾಡಿದರು. ಮೊದಲು ಬಂದವಳು ಯಜಮಾನಿ, ಕೊನೆಗೆ ಬಂದವಳು ಎಲ್ಲರಿಗಿಂತ ಕೆಳಗೆ. ಹುಟ್ಟುಗುಣದ ಮಾತೇ ಇಲ್ಲ, ಬರೀ ಬಂದ ಸರದಿ. ಕೆಳಗಿನವರ ರಕ್ತಕಣಗಳಲ್ಲಿ ಉರಿಯೂತಕ್ಕೆ ಸಂಬಂಧಿಸಿದ ವಂಶವಾಹಿಗಳು ಹೆಚ್ಚು ಕೆರಳಿದ್ದವು. ಆಮೇಲೆ ಗುಂಪುಗಳನ್ನು ಕಲಸಿ, ಸ್ಥಾನಗಳನ್ನು ಬದಲಿಸಿದರು. ಸ್ಥಾನ ಬದಲಾದಂತೆ ರಕ್ತಕಣಗಳ ನಡತೆಯೂ ಬದಲಾಯಿತು! ಅಂದರೆ ಅವಮಾನ ಚರ್ಮದ ಮೇಲೆ ನಿಲ್ಲುವುದಿಲ್ಲ, ರಕ್ತದವರೆಗೂ ಇಳಿಯುತ್ತದೆ. ಮತ್ತು ಅವಮಾನ ತೊಲಗಿದರೆ, ರಕ್ತವೂ ಚೇತರಿಸಿಕೊಳ್ಳಬಲ್ಲದು.

ಮನುಷ್ಯರ ವಿಷಯದಲ್ಲಿ ಎಚ್ಚರಿಕೆ

ಇಲ್ಲಿ ನಾನು ಪ್ರಾಮಾಣಿಕನಾಗಿರಬೇಕು. ಕೋತಿಗಳಿಂದ ಮನುಷ್ಯರಿಗೆ ಒಂದೇ ನೆಗೆತಕ್ಕೆ ಹಾರಬಾರದು. 2003ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ನಗರದ 847 ಯುವಜನರ ಅಧ್ಯಯನವೊಂದು ಬಹಳ ಸುದ್ದಿಯಾಯಿತು. ಗಿಡ್ಡ ವಂಶವಾಹಿ ಇರುವವರು ಬದುಕಿನ ಪೆಟ್ಟುಗಳಿಗೆ ಸಿಕ್ಕಾಗ ಖಿನ್ನತೆಗೆ ಹೆಚ್ಚು ಗುರಿಯಾಗುತ್ತಾರೆ ಎಂದು ಅದು ಹೇಳಿತು. 'ಖಿನ್ನತೆಯ ವಂಶವಾಹಿ ಸಿಕ್ಕಿತು' ಎಂದೇ ಜನ ಮಾತಾಡಿಕೊಂಡರು. ಆದರೆ 2009ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ಕಾಣಲಿಲ್ಲ. 2019ರಲ್ಲಿ ಇನ್ನೂ ಬಹು ದೊಡ್ಡ ಸಂಖ್ಯೆಯ ಜನರನ್ನು ಪರೀಕ್ಷಿಸಿದಾಗಲೂ, ಇಂಥ ಒಂದೊಂದು ಹೆಸರಾಂತ ವಂಶವಾಹಿಗೆ ಖಿನ್ನತೆಯನ್ನು ಕಟ್ಟಿಹಾಕಲು ಆಧಾರ ಸಿಗಲಿಲ್ಲ. ಮನುಷ್ಯನ ಸ್ವಭಾವದಲ್ಲಿ ಒಂದಲ್ಲ, ಸಾವಿರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲಿದೆ. ಬೋನಿನೊಳಗಿನ ಪ್ರಾಣಿಯ ಬದುಕನ್ನು ಅಳೆದಂತೆ ನಮ್ಮ ಬದುಕನ್ನು ಅಳೆಯಲಾಗದು.

ಆದರೂ ಒಂದು ನಷ್ಟವಾಗಲಿಲ್ಲ. ಬಿದ್ದುಹೋದದ್ದು 'ಈ ಒಂದು ವಂಶವಾಹಿಯೇ ಕಾರಣ' ಎಂಬ ಅವಸರದ ತೀರ್ಪು. ಮಗುವಿನ ಮನಸ್ಸಿಗೆ ಮಡಿಲು ಬೇಕು, ತುಳಿತ ದೇಹವನ್ನು ಕೆಡಿಸುತ್ತದೆ ಎಂಬ ಮಾತು ಬೀಳಲಿಲ್ಲ.

ಎರಡು ತಪ್ಪು ದಾರಿಗಳು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಗುಣಕ್ಕೆ ಯಾರು ಜವಾಬ್ದಾರರು? ಇಲ್ಲಿ ಎರಡು ತಪ್ಪು ದಾರಿಗಳಿವೆ.

ಮೊದಲನೆಯದು, 'ನಾನು ಇರುವುದೇ ಹೀಗೆ' ಎಂಬ ದಾರಿ. ಮನೆಯವರ ಮೇಲೆ ರೇಗಿ, ತಟ್ಟೆ ಎಸೆದು, ಆಮೇಲೆ "ನಮ್ಮಪ್ಪನಿಗೂ ಸಿಟ್ಟು ಜಾಸ್ತಿ, ರಕ್ತದಲ್ಲೇ ಬಂದಿದೆ" ಎನ್ನುವವರ ದಾರಿ. ಎರಡನೆಯದು, 'ಮನಸ್ಸು ಮಾಡಿದರೆ ಎಲ್ಲಾ ಆಗುತ್ತದೆ' ಎಂಬ ದಾರಿ. ಖಿನ್ನತೆಯಿಂದ ಎದ್ದು ಕೂರಲಾರದ ಸೊಸೆಗೆ "ಜಪಸರ ಸರಿಯಾಗಿ ಹೇಳಿದ್ದರೆ ಹೀಗಾಗುತ್ತಿರಲಿಲ್ಲ" ಎನ್ನುವವರ ದಾರಿ. ಮೊದಲನೆಯದು ತನ್ನನ್ನು ತಾನು ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಎರಡನೆಯದು ಇನ್ನೊಬ್ಬರನ್ನು ಸುಲಭವಾಗಿ ದಂಡಿಸುತ್ತದೆ. ನಮ್ಮ ಬಗ್ಗೆ ಮೊದಲನೆಯದನ್ನೂ ನೆರೆಯವರ ಬಗ್ಗೆ ಎರಡನೆಯದನ್ನೂ ಬಳಸುವುದು ನಮ್ಮೆಲ್ಲರ ಹಳೆಯ ಚಾಳಿ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಅವರಿಗೆ ವಂಶವಾಹಿಯ ಹೆಸರೂ ಗೊತ್ತಿರಲಿಲ್ಲ. ಆದರೂ ದೇಹದ ರಚನೆಯಿಂದಲೇ ಒಬ್ಬರು ಸೌಮ್ಯತೆಯ ಕಡೆಗೆ, ಇನ್ನೊಬ್ಬರು ಸಿಟ್ಟಿನ ಕಡೆಗೆ ವಾಲಿರುತ್ತಾರೆ ಎಂದು ಅವರು ಒಪ್ಪಿದ್ದರು. ಆದರೆ ವಾಲಿರುವುದು ಬೇರೆ, ಬೀಳುವುದು ಬೇರೆ. ಒಳ್ಳೆಯ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಸದ್ಗುಣ ಗಟ್ಟಿಯಾಗುತ್ತದೆ ಎಂಬುದು ಅವರ ಬೋಧನೆ. ಹಾಗೆಯೇ, ಮನಸ್ಸು ನಿರ್ಧರಿಸುವ ಮೊದಲೇ ನುಗ್ಗಿಬರುವ ಭಾವೋದ್ವೇಗ ಪಾಪದ ಭಾರವನ್ನು ಕಡಿಮೆ ಮಾಡುತ್ತದೆ ಎಂದೂ ಅವರು ಹೇಳಿದರು. 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ಇದೇ ದಾರಿಯಲ್ಲಿದೆ. ಭಯ, ರೂಢಿ, ಮಾನಸಿಕ ಹಾಗೂ ಸಾಮಾಜಿಕ ಕಾರಣಗಳು ಒಬ್ಬನ ಹೊಣೆಯನ್ನು ಕುಗ್ಗಿಸಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಅದು ಕಲಿಸುತ್ತದೆ. ತಲಾಂತುಗಳ ಸಾಮತಿಯನ್ನು ನೆನೆಯಿರಿ. ಒಡೆಯನು ಐದು ಕೊಟ್ಟವನಿಂದಲೂ ಎರಡು ಕೊಟ್ಟವನಿಂದಲೂ ಒಂದೇ ಮೊತ್ತವನ್ನು ಕೇಳಲಿಲ್ಲ. ಹುಟ್ಟಾ ಧೈರ್ಯವಂತನು ಸಭೆಯಲ್ಲಿ ಮಾಡುವ ಅರ್ಧ ಗಂಟೆಯ ಭಾಷಣಕ್ಕಿಂತ, ನಡುಗುವ ಹುಡುಗ ಓದಿದ ನಾಲ್ಕು ಸಾಲು ದೊಡ್ಡ ಕಾಣಿಕೆಯಾಗಬಹುದು. ಅದನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು?

ಕೋತಿ ಮರಿ ತನ್ನ ವಂಶವಾಹಿಯನ್ನು ಆರಿಸಿಕೊಳ್ಳಲಿಲ್ಲ, ತನ್ನ ಮಡಿಲನ್ನೂ ಆರಿಸಿಕೊಳ್ಳಲಿಲ್ಲ. ನಮ್ಮ ಮಕ್ಕಳೂ ಅಷ್ಟೇ. ಆದರೆ ಮನುಷ್ಯನಿಗೆ ಕೋತಿಗಿಲ್ಲದ ಒಂದು ಸ್ವಾತಂತ್ರ್ಯವಿದೆ: ಇನ್ನೊಬ್ಬರಿಗೆ ತಾನು ಎಂಥ ಮಡಿಲಾಗಬೇಕು ಎಂದು ಯೋಚಿಸಿ ನಿರ್ಧರಿಸಬಹುದು. ಹುಟ್ಟುಗುಣ ಅವನದು, ನಿಜ. ಆದರೆ ಆ ಹುಟ್ಟುಗುಣ ಯಾವ ನೆಲದಲ್ಲಿ ಬೇರು ಬಿಡುತ್ತದೋ ಆ ನೆಲ ನಾವು. 'ಇವನು ಯಾಕೆ ಹೀಗೆ?' ಎಂದು ಕೇಳುವಾಗಲೆಲ್ಲ, 'ಇವನ ಪಕ್ಕದಲ್ಲಿ ನಾನು ಹೇಗಿದ್ದೇನೆ?' ಎಂದೂ ಕೇಳಬೇಕು. ತಮ್ಮನ ಬಗ್ಗೆ ದೇವರು ವಿಚಾರಿಸಿದಾಗ ಕಾಯಿನನು ನುಣುಚಿಕೊಳ್ಳಲು ಹಾಕಿದ ಮರುಪ್ರಶ್ನೆಗೆ ಇಂದಿನ ವಿಜ್ಞಾನವೂ 'ಹೌದು' ಎಂದೇ ಉತ್ತರಿಸುತ್ತಿದೆ.

ಮನೆಯ ಮಟ್ಟಿಗೆ ಇದರ ಅರ್ಥ ಬಹಳ ಸರಳ. ಅಣ್ಣನನ್ನು ತೋರಿಸಿ ತಮ್ಮನನ್ನು ಹಂಗಿಸಬೇಡಿ. ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಉಣಿಸಿದ ಮಾತ್ರಕ್ಕೆ ಇಬ್ಬರಿಗೂ ಒಂದೇ ಧ್ವನಿ ಹೊಂದುವುದಿಲ್ಲ. ಅಂಜುವ ಮಗುವಿಗೆ ನೀರಿಗೆ ತಳ್ಳುವ ಕೈಗಿಂತ, ಕೈಹಿಡಿದು ನೀರಿಗಿಳಿಸುವವರು ಬೇಕು. ಮಡಿಲು ಎಂದಾಗ ತಾಯಂದಿರ ಮೇಲೆ ಮಾತ್ರ ಭಾರ ಹೊರಿಸಬೇಡಿ. ತಂದೆಯ ಭುಜ, ಅಜ್ಜಿಯ ಸೆರಗು, ಶಿಕ್ಷಕಿಯ ಒಂದು ಮಾತು, ಧರ್ಮಕೇಂದ್ರದ ಯುವಕರ ಕೂಟ, ಇವೆಲ್ಲವೂ ಮಡಿಲೇ. ನಿಮ್ಮ ಮನೆಯ ಊಟದ ಮೇಜಿನಲ್ಲಿ ಎಲ್ಲರಿಗಿಂತ ಕಡೆಗೆ ಕೂರುವವರು ಯಾರು, ಯಾರ ಮಾತನ್ನು ನಡುವೆ ಕತ್ತರಿಸಲಾಗುತ್ತದೆ, ಯಾರನ್ನು ನೋಡಿ ಎಲ್ಲರೂ ನಗುತ್ತಾರೆ, ಒಮ್ಮೆ ಗಮನಿಸಿ. ಅವರ ತಲೆನೋವು, ಹೊಟ್ಟೆನೋವು ಯಾವಾಗಲೂ ನಾಟಕವಾಗಿರಲಾರದು. ಖಿನ್ನತೆ ಕಂಡರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಲ್ಲ.

ಒಂದು ಋಣವನ್ನೂ ನೆನೆಯಬೇಕು. ತಾಯಿಯ ಮಡಿಲಿನ ಬೆಲೆಯನ್ನು ನಾವು ಕಲಿತದ್ದು ಮಡಿಲು ಕಸಿದುಕೊಂಡ ಮರಿಗಳಿಂದ. ಈ ಪ್ರಯೋಗಗಳಿಗೆ ಕಟುವಾದ ಟೀಕೆ ಬಂತು. ಸುವೋಮಿಯವರ ಪ್ರಯೋಗಾಲಯದ ಕೋತಿಗಳ ಪ್ರಯೋಗಗಳನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ಮುಗಿಸುವುದಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿತು. ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂಬುದು ಧರ್ಮಸಭೆಯ ಬೋಧನೆ. ಆ ಮರಿಗಳ ನರಳಿಕೆ ವ್ಯರ್ಥವಾಗದಿರಬೇಕಾದರೆ, ಕಲಿತ ಪಾಠವನ್ನಾದರೂ ನಾವು ಮರೆಯಬಾರದು.

ಆ ತಾಯಿಗೆ ಈಗ ನಾನು ಕೊಡುವ ಉತ್ತರ ಇಷ್ಟು: "ಅಮ್ಮಾ, ನೀವು ತಪ್ಪಿಲ್ಲ. ದೇವರು ನಿಮಗೆ ಎರಡು ಬೇರೆ ಬೇರೆ ಸಸಿಗಳನ್ನು ಕೊಟ್ಟಿದ್ದಾನೆ. ಒಂದು ಬಿಸಿಲಿಗೆ ಬಗ್ಗದು, ಇನ್ನೊಂದಕ್ಕೆ ನೆರಳು ಬೇಕು. ನೆರಳು ಕೊಟ್ಟು ನೋಡಿ, ಹೂವು ಯಾವುದರಲ್ಲಿ ಹೆಚ್ಚು ಎಂದು ಆಮೇಲೆ ಹೇಳಿ." ಅಜ್ಜಿಗೂ ಒಂದು ಮಾತು ಹೇಳುತ್ತೇನೆ: "ಹುಟ್ಟುಗುಣ ಸುಟ್ಟರೂ ಹೋಗದು, ನಿಜ. ಸುಡುವುದನ್ನು ಬಿಟ್ಟು ಸ್ವಲ್ಪ ನೀರು ಹಾಕಿ ನೋಡೋಣ."

ಪೀಠದ ಬಳಿ ಬಾರದೆ ಹೋದ ಆ ಹುಡುಗ ಈಗ ದೊಡ್ಡವನಾಗಿರುತ್ತಾನೆ. ಎಲ್ಲಿದ್ದಾನೋ ತಿಳಿಯದು; ಕ್ಷಮೆ ಕೇಳುವ ಅವಕಾಶ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಪ್ರತಿ ಭಾನುವಾರ ಹೊಸದಾಗಿ ಓದಲು ಬರುವ ಮಕ್ಕಳ ಕೈಯನ್ನು ಮೊದಲು ನೋಡುತ್ತೇನೆ. ನಡುಗುತ್ತಿದ್ದರೆ ಪಕ್ಕಕ್ಕೆ ಹೋಗಿ ನಿಲ್ಲುತ್ತೇನೆ. ಅಷ್ಟೇ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರ ಕೈ ನಡುಗುತ್ತಿದೆಯೋ ಅವರ ಪಕ್ಕದಲ್ಲಿ ನೀವೂ ಹೋಗಿ ನಿಲ್ಲಿರಿ.